ಇಟಲಿಯ ಕಡಲೂರಿನಲ್ಲಿ ವಾರಾಂತ್ಯ: ಜೆನೋವಾ, ನೇಪಲ್ಸ್, ಟ್ರಿಯೆಸ್ಟೆ, ಬಾರಿ – ಯಾರಿಗೆ ಯಾವುದು?

"ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸ್ ಬರಬೇಕು. ಇಟಲಿ ಆಗಬೇಕು, ಸಮುದ್ರ ಇರಬೇಕು, ಓಡಾಟ ಮಾತ್ರ ಜಾಸ್ತಿ ಬೇಡ." ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸದಲ್ಲಿರುವ ಕನ್ನಡದ ಗೆಳೆಯರು ಇಷ್ಟು ಹೇಳಿ, ನಾಲ್ಕು ಊರಿನ ಹೆಸರು ಮುಂದಿಟ್ಟು, ಯಾವುದಕ್ಕೆ ಹೋಗೋಣ ಅಂತ ಕೇಳುತ್ತಾರೆ. ಬೆಂಗಳೂರಿನಿಂದ ರೋಮ್, ಮಿಲಾನ್ ನೋಡಲು ಹೊರಟವರೂ ನಡುವೆ ಎರಡು ದಿನ ಉಳಿದರೆ ಇದನ್ನೇ ಕೇಳುವುದು. ಆ ನಾಲ್ಕು ಊರು ಹೆಚ್ಚಾಗಿ ಇವೇ: ಜೆನೋವಾ, ನೇಪಲ್ಸ್, ಟ್ರಿಯೆಸ್ಟೆ, ಬಾರಿ.

ವೆನಿಸ್ ಎಲ್ಲಿ ಅಂತೀರಾ? ವೆನಿಸ್ ನೋಡಲೇಬೇಕಾದ ಊರೇ. ಆದರೆ ವಾರಾಂತ್ಯದಲ್ಲಿ ಅಲ್ಲಿ ಆರಾಮಾಗಿ ಇರುವುದು ಕಷ್ಟ. ರಾತ್ರಿ ತಂಗದೆ ಬಂದುಹೋಗುವವರ ಹತ್ತಿರ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ವಸೂಲು ಮಾಡುವುದನ್ನು 2024ರಲ್ಲಿ ಶುರು ಮಾಡಿದ್ದಾರೆ ಅಂದರೆ ಜನ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಅಮಾಲ್ಫಿ ಕಡೆಯ ಊರುಗಳು ಚಂದ, ಆದರೆ ಬೆಟ್ಟದ ರಸ್ತೆಯಲ್ಲಿ ಬಸ್ಸಿಗೆ ಕಾಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪಲೆರ್ಮೊಗೆ ಹೋದವರು ಸಿಸಿಲಿಯ ಉಳಿದ ಭಾಗ ನೋಡದೆ ಬಂದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಒಂದು ವಾರ ಎತ್ತಿಡಿ.

ಮೊದಲು ಏನು ನೋಡಬೇಕು

ನೋಡುವ ಜಾಗಗಳ ಪಟ್ಟಿ ಹಿಡಿದು ಈ ಊರುಗಳನ್ನು ಅಳೆಯಲು ಹೋದರೆ ನೇಪಲ್ಸ್ ಸುಲಭವಾಗಿ ಗೆಲ್ಲುತ್ತದೆ. ಆದರೆ ಆರಾಮದ ವಾರಾಂತ್ಯಕ್ಕೆ ಆ ಅಳತೆ ಸರಿಹೋಗುವುದಿಲ್ಲ. ನಾನು ಬೇರೆ ಕೆಲವನ್ನು ಮೊದಲು ನೋಡುತ್ತೇನೆ.

ಒಂದು, ಇಳಿದ ಮೇಲೆ ರೂಮಿಗೆ ಸೇರಲು ಎಷ್ಟು ಹೊತ್ತು ಬೇಕು. ಎರಡೇ ದಿನ ಇರುವಾಗ ಒಂದೊಂದು ಗಂಟೆಗೂ ಬೆಲೆ ಇದೆ. ಎರಡು, ಸಮುದ್ರ ಯಾವ ಥರದ್ದು. ಕೂತು ನೋಡಲಿಕ್ಕೋ, ಪಕ್ಕದಲ್ಲಿ ನಡೆಯಲಿಕ್ಕೋ, ಇಳಿದು ಈಜಲಿಕ್ಕೋ? ಕಡಲೂರು ಅಂದ ಮಾತ್ರಕ್ಕೆ ಈ ಮೂರೂ ಸಿಗುತ್ತವೆ ಅಂತಿಲ್ಲ. ನಕ್ಷೆಯಲ್ಲಿ ಸಮುದ್ರದ ಪಕ್ಕದಲ್ಲೇ ಇರುವ ಹೋಟೆಲಿನ ಎದುರು ಬಂದರಿನ ಕ್ರೇನು ಮಾತ್ರ ಕಾಣಿಸಬಹುದು. ಮೂರು, ಕಾಲು. ಅಪ್ಪ ಅಮ್ಮ ಜೊತೆಗಿದ್ದರೆ, ಮಗುವಿನ ತಳ್ಳುಗಾಡಿ ಇದ್ದರೆ ಮೆಟ್ಟಿಲು ಮತ್ತು ಏರು ದೊಡ್ಡ ವಿಷಯ. ನಾಲ್ಕು, ಊಟ. ಮುಖ್ಯವಾಗಿ ಸಸ್ಯಾಹಾರಿಗಳಿಗೆ. ಐದು, ಯಾವ ತಿಂಗಳು. ಇದನ್ನು ಕೇಳುವವರೇ ಕಡಿಮೆ, ಕೈ ಕೊಡುವುದು ಮಾತ್ರ ಯಾವಾಗಲೂ ಇದೇ. ಕೊನೆಯದು ದುಡ್ಡು.

ಇದರ ಜೊತೆಗೆ ಇನ್ನೊಂದು ಪರೀಕ್ಷೆ ಇದೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಆ ಊರಲ್ಲಿ ಏನು ಮಾಡಬಹುದು? ಇಟಲಿಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಅಡುಗೆಮನೆಗಳು ಮುಚ್ಚುತ್ತವೆ. ರಾತ್ರಿ ಏಳೂವರೆಯ ತನಕ ಸರಿಯಾದ ಊಟ ಸಿಗುವುದು ಕಷ್ಟ. ಚಿಕ್ಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ನಿಮ್ಮ ರೈಲು ರಾತ್ರಿಗೆ. ಆ ಹೊತ್ತಿನಲ್ಲಿ ಸುಮ್ನೆ ಕೂರಲು ಜಾಗ ಕೊಡುವ ಊರೇ ಆರಾಮದ ಊರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಳತೆ ಇದು.

ಟ್ರಿಯೆಸ್ಟೆ: ಕೂರಲು ಬರುವವರ ಊರು

ಆ ಪರೀಕ್ಷೆಯಲ್ಲಿ ಮೊದಲು ಪಾಸಾಗುವುದು ಟ್ರಿಯೆಸ್ಟೆ. ಇಟಲಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವೇನಿಯಾದ ಗಡಿಗೆ ಅಂಟಿಕೊಂಡಿರುವ ಊರಿದು. 1719ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಆರನೇ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರು ಅಂತ ಘೋಷಿಸಿದ. ಅಲ್ಲಿಂದ ಮೊದಲ ಮಹಾಯುದ್ಧದ ತನಕ ವಿಯೆನ್ನಾದ ಸಮುದ್ರದ ಬಾಗಿಲು ಇದೇ. ಎರಡನೇ ಮಹಾಯುದ್ಧದ ನಂತರ ಕೆಲವು ವರ್ಷ ಯಾವ ದೇಶಕ್ಕೂ ಸೇರದೆ ಇದ್ದು, 1954ರಲ್ಲಿ ಮತ್ತೆ ಇಟಲಿಯ ಆಡಳಿತಕ್ಕೆ ಬಂತು. ಹಾಗಾಗಿ ಕಟ್ಟಡಗಳು ವಿಯೆನ್ನಾದವು, ಬಿಸಿಲು ಇಟಲಿಯದ್ದು.

ಊರಿನ ನಡುವಿನ ಚೌಕ ಪಿಯಾಟ್ಸಾ ಉನಿತಾ. ಮೂರು ಕಡೆ ಅರಮನೆಯಂಥ ಕಟ್ಟಡಗಳು, ನಾಲ್ಕನೇ ಕಡೆ ನೇರವಾಗಿ ಸಮುದ್ರ. ನಡುವೆ ಇರುವುದು ಒಂದು ರಸ್ತೆ ಮಾತ್ರ. ಪಕ್ಕದಲ್ಲೇ ಮೋಲೊ ಔದಾಚೆ ಅನ್ನುವ ಕಲ್ಲಿನ ಕಟ್ಟೆ ಸುಮಾರು 246 ಮೀಟರ್ ನೀರಿನೊಳಕ್ಕೆ ಚಾಚಿದೆ. ಬೇಲಿ ಇಲ್ಲ, ಟಿಕೆಟ್ ಇಲ್ಲ, ಅಂಗಡಿ ಇಲ್ಲ. ಸಂಜೆ ಊರಿನವರು ತುದಿತನಕ ನಡೆದು, ಕಾಲು ಇಳಿಬಿಟ್ಟು ಕೂತು, ಸೂರ್ಯ ಮುಳುಗಿದ ಮೇಲೆ ಎದ್ದು ಬರುತ್ತಾರೆ. ಸ್ಟೇಷನ್ನಿನಿಂದ ಇಲ್ಲಿಗೆ ಕಾಲುಗಂಟೆಯ ಸಮತಟ್ಟು ನಡಿಗೆ. ಚಕ್ರದ ಸೂಟ್‌ಕೇಸ್ ಎಳೆದುಕೊಂಡೇ ಬರಬಹುದು.

ಕಾಫಿಗೆ ಈ ಊರು ಇಟಲಿಯಲ್ಲೇ ಬೇರೆ. ಇಲ್ಲಿಯ ಬಂದರಿನಲ್ಲಿ ಕಾಫಿ ಬೀಜ ಇಳಿಯುವುದು ತಲೆಮಾರುಗಳ ಕಸುಬು. 'ಇಲ್ಲಿ' (Illy) ಅನ್ನುವ ಕಾಫಿ ಕಂಪನಿ 1933ರಲ್ಲಿ ಹುಟ್ಟಿದ್ದೂ ಈ ಊರಲ್ಲೇ. ಟ್ರಿಯೆಸ್ಟೆಯವರು ಎಸ್ಪ್ರೆಸೊಗೆ 'ನೇರೊ' ಅಂತಾರೆ. ತುಸು ಹಾಲಿನ ನೊರೆ ಬೇಕಾದರೆ 'ಕಾಪೊ'. ಅದನ್ನೇ ಪುಟ್ಟ ಗಾಜಿನ ಲೋಟದಲ್ಲಿ ಕೇಳಿದರೆ 'ಕಾಪೊ ಇನ್ ಬಿ'. ಬೆರಳೆರಡರಷ್ಟು ಎತ್ತರದ ಲೋಟ, ಕೆಳಗೆ ಕಪ್ಪು, ಮೇಲೆ ಬಿಳಿ ನೊರೆ, ಹಿಡಿದರೆ ಬೆರಳು ಚುರ್ ಅನ್ನುತ್ತದೆ. ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿದು ಬೆಳೆದವರಿಗೆ ಇದು ಮೊದಲ ಗುಟುಕಿಗೇ ಮನೆಯದ್ದಾಗುತ್ತದೆ. 1914ರ ಕಾಫೆ ಸಾನ್ ಮಾರ್ಕೊದಲ್ಲಿ ಒಳಗೇ ಪುಸ್ತಕದ ಅಂಗಡಿ ಇದೆ. ಒಂದು ಕಾಪೊ ತಗೊಂಡು ಎರಡು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ ವರ್ಷಗಟ್ಟಲೆ ಇದೇ ಊರಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ. ಕಾಲುವೆಯ ಸೇತುವೆ ಮೇಲೆ ಅವನ ಪ್ರತಿಮೆ ನಡೆದುಕೊಂಡು ಹೋಗುವ ಭಂಗಿಯಲ್ಲಿದೆ.

ಬೆಂಗಳೂರಿನ ಭೌತವಿಜ್ಞಾನಿಗಳಿಗೆ ಟ್ರಿಯೆಸ್ಟೆ ಹೊಸ ಹೆಸರಲ್ಲ. ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಅಂತಾರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಇಲ್ಲೇ, ಮಿರಾಮಾರೆ ಕೋಟೆಯ ಹತ್ತಿರ ಇದೆ. ಭಾರತದಿಂದ ಸಂಶೋಧಕರು ಅಲ್ಲಿಗೆ ಹೋಗಿಬರುವುದು ಮೊದಲಿನಿಂದಲೂ ಇದೆ. ನಿಮ್ಮ ಪರಿಚಯದ ಯಾರಾದರೂ ಪ್ರೊಫೆಸರ್ ಅಲ್ಲಿ ಬೇಸಿಗೆ ಕಳೆದಿದ್ದರೆ, ಹೊರಡುವ ಮೊದಲು ಒಂದು ಫೋನ್ ಮಾಡಿ. ಊಟ ಎಲ್ಲಿ ಚೆನ್ನಾಗಿದೆ ಅಂತ ಅವರು ಹೇಳಿದಷ್ಟು ಚೆನ್ನಾಗಿ ಯಾವ ಆ್ಯಪ್ ಕೂಡ ಹೇಳುವುದಿಲ್ಲ. ಮಿರಾಮಾರೆಯ ಬಿಳಿ ಕೋಟೆ ಸಮುದ್ರದ ಬಂಡೆ ಮೇಲಿದೆ. ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ತನಗಾಗಿ ಕಟ್ಟಿಸಿದ್ದು. ಸಿಟಿ ಬಸ್ಸಿನಲ್ಲಿ ಹೋಗಿ, ತೋಟ ಸುತ್ತಿ, ವಾಪಸ್ ಬರುವಾಗ ಬಾರ್ಕೊಲಾ ದಂಡೆಯಲ್ಲಿ ನಡೆದುಕೊಂಡು ಬಂದರೆ ಅರ್ಧ ದಿನ ಹಿತವಾಗಿ ಕಳೆಯುತ್ತದೆ.

ಇನ್ನು ಕೊರತೆಗಳು. ಮರಳಿನ ಬೀಚ್ ಇಲ್ಲ. ಬಾರ್ಕೊಲಾದಲ್ಲಿ ಜನ ಫುಟ್‌ಪಾತಿನ ಮೇಲೇ ಟವೆಲ್ ಹಾಸಿ ಮಲಗುತ್ತಾರೆ, ಏಣಿ ಹಿಡಿದು ನೀರಿಗೆ ಇಳಿಯುತ್ತಾರೆ. ಊರೊಳಗಿನ ಪೆದೊಚಿನ್ ಅನ್ನುವ ಹಳೆಯ ಸ್ನಾನದ ತೀರದಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಗೋಡೆ ಇದೆ. ತಾಯಂದಿರನ್ನು ಕರೆದುಕೊಂಡು ಹೋದವರಿಗೆ ಇದು ಅನುಕೂಲವೇ ಆದೀತು. ಎರಡನೆಯದು ಬೋರಾ. ಕಾರ್ಸ್ಟ್ ಬೆಟ್ಟದ ಮೇಲಿನಿಂದ ಸಮುದ್ರದ ಕಡೆ ನುಗ್ಗುವ ಚಳಿಗಾಳಿ, ಚಳಿಗಾಲದಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟುವುದುಂಟು. ಹಿಂದೆ ಬೀದಿಗಳಲ್ಲಿ ಹಿಡಿದುಕೊಂಡು ನಡೆಯಲಿಕ್ಕೆ ಹಗ್ಗ ಕಟ್ಟುತ್ತಿದ್ದರು. ನವೆಂಬರಿನಿಂದ ಮಾರ್ಚ್ ತನಕ ಹೋಗುವವರು ಇದನ್ನು ನೆನಪಿಟ್ಟಿರಬೇಕು. ಮೂರನೆಯದು ಊಟ. 'ಬುಫೆ' ಅಂತ ಬೋರ್ಡ್ ಇರುವ ಇಲ್ಲಿನ ಹಳೆಯ ಊಟದ ಅಂಗಡಿಗಳಲ್ಲಿ ಸಿಗುವುದು ಬೇಯಿಸಿದ ಹಂದಿಮಾಂಸ. ಯೋಟಾ ಅನ್ನುವ, ಬೀನ್ಸ್ ಕಾಳು ಮತ್ತು ಹುಳಿ ಬರಿಸಿದ ಕೋಸಿನ ಸಾರು ನೋಡಲು ಸಸ್ಯಾಹಾರದಂತೆ ಕಂಡರೂ ಹೆಚ್ಚಾಗಿ ಒಳಗೆ ಹಂದಿ ಇರುತ್ತದೆ. ಸಸ್ಯಾಹಾರಿಗಳಿಗೆ ಪಿಜ್ಜಾ, ಪಾಸ್ತಾ, ಸಿಹಿಯಾದ ಪ್ಲಮ್ ತುಂಬಿದ ಆಲೂಗಡ್ಡೆ ಞೊಕ್ಕಿ, ಅಷ್ಟೇ. ಎರಡು ದಿನ ಸಾಗುತ್ತದೆ, ಆದರೆ ಊಟಕ್ಕೋಸ್ಕರ ಬರುವ ಊರಲ್ಲ.

ವೆನಿಸ್ಸಿನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಬಲಗಡೆ ಕಿಟಕಿಗೆ ಕೂತುಕೊಳ್ಳಿ, ಮೊನ್ಫಾಲ್ಕೊನೆ ದಾಟಿದ ಮೇಲೆ ಸಮುದ್ರ ಕೆಳಗೆ ಕಾಣುತ್ತದೆ. ಅಕ್ಟೋಬರಿನ ಎರಡನೇ ಭಾನುವಾರ ಬಾರ್ಕೊಲಾನಾ ಹಾಯಿದೋಣಿ ಪಂದ್ಯ ನಡೆಯುತ್ತದೆ. ಸಾವಿರಾರು ಹಾಯಿಗಳನ್ನು ಒಟ್ಟಿಗೆ ನೋಡುವ ಆಸೆ ಇದ್ದರೆ ತಿಂಗಳುಗಟ್ಟಲೆ ಮೊದಲೇ ರೂಮ್ ಹಿಡಿಯಿರಿ. ಆಸೆ ಇಲ್ಲದಿದ್ದರೆ ಆ ವಾರ ಬಿಟ್ಟು ಬೇರೆ ವಾರ ಹೋಗಿ.

ಜೆನೋವಾ: ಸಸ್ಯಾಹಾರಿಗಳ ಪುಣ್ಯ

ಊಟದಲ್ಲಿ ಟ್ರಿಯೆಸ್ಟೆ ಕಳೆದುಕೊಂಡದ್ದನ್ನೆಲ್ಲ ಜೆನೋವಾ ಬಾಚಿಕೊಳ್ಳುತ್ತದೆ. ಪೆಸ್ಟೊ ಈ ಊರಿನದ್ದು: ತುಳಸಿಯ ಜಾತಿಯ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಚೀಸ್, ಕಲ್ಲುಪ್ಪು, ಆಲಿವ್ ಎಣ್ಣೆ. ಅದನ್ನು ಟ್ರೊಫಿಯೆ ಅನ್ನುವ ಸುರುಳಿ ಪಾಸ್ತಾಗೆ ಕಲಸಿ, ಜೊತೆಗೆ ಬೇಯಿಸಿದ ಆಲೂಗಡ್ಡೆ, ಬೀನ್ಸ್ ಹಾಕಿ ಕೊಡುತ್ತಾರೆ. ಬೆಳಗ್ಗೆ ಬೇಕರಿಯಿಂದ ಫೊಕಾಚಾ ಅನ್ನುವ ಬಿಸಿ ಚಪ್ಪಟೆ ಬ್ರೆಡ್ ತಂದು ಕಾಪುಚೀನೊದಲ್ಲಿ ಅದ್ದಿ ತಿನ್ನುವುದು ಇಲ್ಲಿನವರ ಅಭ್ಯಾಸ. ಉಪ್ಪು, ಎಣ್ಣೆ, ಹಾಲು, ಕಾಫಿ ಒಟ್ಟಿಗೆ ಅಂದರೆ ಮುಖ ಸಿಂಡರಿಸಬೇಡಿ, ಒಂದು ಸಲ ತಿಂದು ನೋಡಿ.

ನನ್ನ ಓಟು ಮಾತ್ರ ಫರಿನಾತಾಗೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ಬೇರೇನೂ ಇಲ್ಲ. ನೀರಾಗಿ ಕಲಸಿದ ಹಿಟ್ಟನ್ನು ದೊಡ್ಡ ತಾಮ್ರದ ತಟ್ಟೆಗೆ ಸುರಿದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಹೊರಬಂದಾಗ ಅಂಚು ಕಂದು, ನಡುವೆ ಬಂಗಾರದ ಬಣ್ಣ, ಮೇಲೆ ಎಣ್ಣೆ ಇನ್ನೂ ಗುಳ್ಳೆ ಏಳುತ್ತಿರುತ್ತದೆ. ಚಾಕುವಿನಲ್ಲಿ ಅಡ್ಡಾದಿಡ್ಡಿ ಕತ್ತರಿಸಿ, ಕಾಗದಕ್ಕೆ ಹಾಕಿ, ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ತಣ್ಣಗಾದರೆ ಮಜಾ ಹೋಯಿತು. ಬಂದರಿನ ಎದುರಿನ ಸೊಟ್ಟೊರಿಪಾ ಕಮಾನುಗಳ ಕೆಳಗೆ ಇಂಥ ಅಂಗಡಿಗಳಿವೆ. ಚೀಸ್ ಕೂಡ ಮುಟ್ಟದವರಿಗೂ ಇದು ನಡೆಯುತ್ತದೆ. ಕೆಲವೇ ಯೂರೋದಲ್ಲಿ ಹೊಟ್ಟೆ ತುಂಬುತ್ತದೆ.

ಈ ಊರಿನ ತೊಡಕು ಸಮುದ್ರವೇ. ವಿಚಿತ್ರ ಅಲ್ವಾ? ಇಟಲಿಯ ದೊಡ್ಡ ಬಂದರುಗಳಲ್ಲಿ ಇದೂ ಒಂದು. ಹಳೇ ಊರಿಗೂ ನೀರಿಗೂ ನಡುವೆ ಒಂದು ಎತ್ತರದ ಮೇಲ್ಸೇತುವೆ ರಸ್ತೆ ಅಡ್ಡ ಬರುತ್ತದೆ. ಅದರಾಚೆ ಹಡಗು, ಕ್ರೇನು, ಕಂಟೇನರ್. 1992ರ ಎಕ್ಸ್‌ಪೋಗೆಂದು ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹೊಸದಾಗಿ ರೂಪಿಸಿದ ಹಳೆ ಬಂದರಿನಲ್ಲಿ ಅಡ್ಡಾಡಬಹುದು. ಮಕ್ಕಳಿದ್ದರೆ ಅಲ್ಲಿನ ಅಕ್ವೇರಿಯಂ ಒಂದೇ ಅರ್ಧ ದಿನ ನುಂಗುತ್ತದೆ. ಆದರೆ ತೆರೆದ ಸಮುದ್ರ ಬೇಕೆಂದರೆ ಬಸ್ಸು ಹಿಡಿದು ಬೊಕ್ಕಾದಾಸ್ಸೆಗೆ ಹೋಗಬೇಕು. ಬಣ್ಣ ಬಣ್ಣದ ಮನೆಗಳ ಹಳೇ ಮೀನುಗಾರರ ಹಳ್ಳಿ ಅದು, ಈಗ ಊರೊಳಗೇ ಸೇರಿಹೋಗಿದೆ. ಇಲ್ಲವೇ ಲೋಕಲ್ ರೈಲಿನಲ್ಲಿ ನೆರ್ವಿಗೆ ಹೋಗಿ. ಅಲ್ಲಿ ಬಂಡೆಗಳ ಅಂಚಿನಲ್ಲೇ ಸುಮಾರು ಎರಡು ಕಿಲೋಮೀಟರ್ ಕಾಲುದಾರಿ ಇದೆ, ಪಕ್ಕದಲ್ಲಿ ದೊಡ್ಡ ತೋಟಗಳಿವೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಪ್ರಶ್ನೆಗೆ ಜೆನೋವಾದ ಉತ್ತರ ನೆರ್ವಿ.

ಕಾಲಿನ ವಿಷಯಕ್ಕೆ ಬಂದರೆ, ಬೆಟ್ಟ ಮತ್ತು ನೀರಿನ ನಡುವೆ ಸಿಕ್ಕಿಕೊಂಡ ಊರು ಇದು. ಎಲ್ಲಿಗೆ ಹೋದರೂ ಏರು. ಆದರೆ ಊರಿನವರು ಅದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಬೀದಿಯಿಂದ ಬೀದಿಗೆ ಸಾರ್ವಜನಿಕ ಲಿಫ್ಟುಗಳಿವೆ, ಹಗ್ಗದ ರೈಲುಗಳಿವೆ. ಹಳೇ ಮರದ ಬಾಗಿಲಿನ ಲಿಫ್ಟಿನಲ್ಲಿ ಕಾಸ್ಟೆಲೆಟ್ಟೊಗೆ ಏರಿದರೆ ಕಪ್ಪು ಹಂಚಿನ ಚಾವಣಿಗಳು, ಬಂದರು, ದೂರದಲ್ಲಿ ಲಾಂತೆರ್ನಾ ದೀಪಸ್ತಂಭ ಎಲ್ಲ ಒಟ್ಟಿಗೆ ಕಾಣುತ್ತವೆ. ಕೆಳಗಿನ ವಿಯಾ ಗರಿಬಾಲ್ದಿಯ ಅರಮನೆಗಳು 2006ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಅವುಗಳಲ್ಲೊಂದರಲ್ಲಿ ಹೆಸರಾಂತ ಸಂಗೀತಗಾರ ಪಗನೀನಿಯ ಪಿಟೀಲನ್ನು ಇಟ್ಟಿದ್ದಾರೆ. ಅಲ್ಲಿಂದ ಹತ್ತು ಹೆಜ್ಜೆ ಇಳಿದರೆ ಇಬ್ಬರು ಪಕ್ಕ ಪಕ್ಕ ನಡೆಯಲಾಗದ ಕರೂಜಿ ಓಣಿಗಳು. ಹಗಲು ಅವುಗಳಲ್ಲಿ ದಾರಿ ತಪ್ಪುವುದೇ ಮಜಾ. ರಾತ್ರಿ ಪ್ರಿನ್ಚಿಪೆ ಸ್ಟೇಷನ್ ಕಡೆಯ ಓಣಿಗಳು ಒರಟು. ರೂಮನ್ನು ಬ್ರಿನ್ಯೋಲೆ ಸ್ಟೇಷನ್ ಅಥವಾ ಪಿಯಾಟ್ಸಾ ದೆ ಫೆರ್ರಾರಿ ಹತ್ತಿರ ಹಿಡಿಯಿರಿ.

ಅಕ್ಟೋಬರ್, ನವೆಂಬರಿನಲ್ಲಿ ಇಲ್ಲಿ ಮಳೆ ಜೋರು. 2011ರಲ್ಲೂ 2014ರಲ್ಲೂ ಊರೊಳಗೆ ಪ್ರವಾಹವೇ ಬಂದಿತ್ತು. ಏಪ್ರಿಲ್, ಮೇ, ಜೂನ್ ಒಳ್ಳೆಯದು. ಮಿಲಾನ್‌ನಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ಬರಬಹುದು. ಮಿಲಾನ್ ಪ್ರವಾಸಕ್ಕೆ ಎರಡು ದಿನ ಸೇರಿಸುವವರಿಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಸಮುದ್ರದಂಡೆಯ ಐದು ಹಳ್ಳಿಗಳ ಚಿಂಕ್ವೆ ತೆರ್ರೆ ಹತ್ತಿರವೇ ಇದೆಯಲ್ಲ ಅನ್ನುವ ಆಸೆ ಬರುತ್ತದೆ. ಬೇಸಿಗೆಯ ಶನಿವಾರ ಆ ರೈಲು ಹತ್ತಿದರೆ ಆರಾಮದ ಮಾತು ಅಲ್ಲಿಗೆ ಮುಗಿಯಿತು. ಅದರ ಬದಲು ಕಮೋಲ್ಯಿಗೆ ಹೋಗಿ. ಅರ್ಧ ಗಂಟೆಗಿಂತ ತುಸು ಜಾಸ್ತಿ ದೂರ, ಎತ್ತರದ ಬಣ್ಣದ ಮನೆಗಳು, ಎದುರಿಗೇ ಬೆಣಚುಕಲ್ಲಿನ ತೀರ.

ನೇಪಲ್ಸ್: ಗದ್ದಲದಲ್ಲೇ ಹಾಯಾಗಿರುವವರಿಗೆ

ನೇಪಲ್ಸ್ ಬಗ್ಗೆ ನಾನು ಸ್ವಲ್ಪ ಪಕ್ಷಪಾತಿ. ಈ ನಾಲ್ಕರಲ್ಲಿ ನನಗೆ ಅತಿ ಇಷ್ಟದ್ದು ಇದೇ. ಆದರೂ ಮೊದಲ ಸಲ ಇಟಲಿಗೆ ಬಂದವರಿಗೆ, ದಣಿದು ಬಂದವರಿಗೆ, ಎರಡು ರಾತ್ರಿಗೆ ಇದನ್ನು ಹೇಳುವುದಿಲ್ಲ.

ಕಾರಣ ಇಷ್ಟೇ: ಈ ಊರು ಸುಮ್ಮನೆ ಕೂರಲು ಬಿಡುವುದಿಲ್ಲ. ಹಳೇ ಊರಿನ ಕಪ್ಪು ಲಾವಾ ಕಲ್ಲಿನ ಬೀದಿಗಳಲ್ಲಿ ಸ್ಕೂಟರುಗಳು ಹಿಂದಿನಿಂದ ಮುಂದಿನಿಂದ ನುಗ್ಗುತ್ತವೆ. ಮೇಲಿನ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ. ಎಲ್ಲರೂ ಜೋರಾಗಿ ಮಾತಾಡುತ್ತಾರೆ. ಅವೆನ್ಯೂ ರೋಡು, ಚಿಕ್ಕಪೇಟೆಯಲ್ಲಿ ಸಲೀಸಾಗಿ ಓಡಾಡುವವರಿಗೆ ಇದರಲ್ಲಿ ಭಯಪಡುವಂಥದ್ದೇನೂ ಇಲ್ಲ. ಪರ್ಸನ್ನು ಮುಂದಿನ ಜೇಬಿನಲ್ಲಿಡಿ, ಅಷ್ಟೇ.

ಪಿಜ್ಜಾ ಬಗ್ಗೆ ಹೇಳಬೇಕಾ? ನೇಪಲ್ಸಿನ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಮಾರ್ಗೆರಿಟಾ ಎಲ್ಲರಿಗೂ ಗೊತ್ತು. ಮರಿನಾರಾ ಕೇಳಿ ನೋಡಿ. ಟೊಮ್ಯಾಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಮಾತ್ರ. ಚೀಸ್ ಇಲ್ಲ, ಮೀನೂ ಇಲ್ಲ. ಇಷ್ಟು ಒಳ್ಳೆಯ ಊಟ ಇಷ್ಟು ಕಡಿಮೆ ದುಡ್ಡಿಗೆ ಇಟಲಿಯ ಬೇರೆ ದೊಡ್ಡ ಊರಿನಲ್ಲಿ ಸಿಗುವುದು ಕಷ್ಟ. ಕೆಲವು ಹಳೆಯ ಪಿಜ್ಜಾ ಅಂಗಡಿಗಳು ಭಾನುವಾರ ಬಾಗಿಲು ಹಾಕುತ್ತವೆ, ಹೆಸರಾದ ಕಡೆ ಹೋಗುವುದಿದ್ದರೆ ಶನಿವಾರ ಮಧ್ಯಾಹ್ನ ಬೇಗ ಹೋಗಿ.

ಇಲ್ಲಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಒಂದನ್ನು ಬಿಡಬೇಡಿ. ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಹಳೇ ಊರು ಪೊಂಪೆಯಲ್ಲಿ ಸಿಕ್ಕ ಒಳ್ಳೊಳ್ಳೆಯ ಚಿತ್ರಗಳು, ಮೊಸಾಯಿಕ್‌ಗಳು ಇರುವುದು ಇಲ್ಲೇ. 1938ರಲ್ಲಿ ಪೊಂಪೆಯ ಒಂದು ಮನೆಯಲ್ಲಿ ದಂತದ ಪುಟ್ಟ ಸ್ತ್ರೀಮೂರ್ತಿ ಸಿಕ್ಕಿತು. ಭಾರತದ ಕೆಲಸ ಅದು. ಕೊರಳ ತುಂಬ ಸರ, ಕೈತುಂಬ ಬಳೆ, ಪಕ್ಕದಲ್ಲಿ ಇಬ್ಬರು ಪುಟ್ಟ ಸಖಿಯರು. 'ಪೊಂಪೆ ಲಕ್ಷ್ಮಿ' ಅಂತ ಹೆಸರಾದರೂ ಯಕ್ಷಿ ಇರಬೇಕು ಅನ್ನುವವರೇ ಜಾಸ್ತಿ. ಕ್ರಿಸ್ತಶಕ 79ರಲ್ಲಿ ವೆಸುವಿಯಸ್ ಸಿಡಿಯುವ ಮೊದಲೇ ಅದು ನಮ್ಮ ಕಡೆಯಿಂದ ಹಡಗು ಹತ್ತಿ ಬಂದಿತ್ತು. ಮ್ಯೂಸಿಯಂ ಮಂಗಳವಾರ ರಜೆ, ವಾರಾಂತ್ಯದವರಿಗೆ ಚಿಂತೆ ಇಲ್ಲ.

ಕರ್ನಾಟಕಕ್ಕೂ ಈ ಊರಿಗೂ ಇನ್ನೊಂದು ನಂಟಿದೆ. ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ರೋಮಿನ ಪ್ರವಾಸಿ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ. ಗುಡಿಯ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಲ್ಲಿ ಬರೆಯುತ್ತ ಲೆಕ್ಕ ಹಾಡಿಕೊಳ್ಳುತ್ತಿದ್ದುದನ್ನೂ ಬರೆದಿದ್ದಾನೆ. ಅದೆಲ್ಲ ಅವನು ಪತ್ರದಲ್ಲಿ ಬರೆದದ್ದು ನೇಪಲ್ಸಿನಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊಗೆ.

ಆರಾಮ ಬೇಕೇ ಬೇಕು, ನೇಪಲ್ಸೂ ಬೇಕು ಅನ್ನುವವರು ಕಿಯಾಯಾ ಬಡಾವಣೆಯಲ್ಲಿ ರೂಮ್ ಹಿಡಿಯಿರಿ. ಬೆಳಗ್ಗೆ ಸಮುದ್ರದಂಡೆಯ ಉದ್ದನೆ ರಸ್ತೆಯಲ್ಲಿ ವೆಸುವಿಯಸ್ ನೋಡುತ್ತ ನಡೆಯಬಹುದು. ಸಂಜೆ ಹಗ್ಗದ ರೈಲಿನಲ್ಲಿ ವೊಮೆರೊ ಗುಡ್ಡಕ್ಕೆ ಹೋಗಿ. ಮಂಡಿ ಗಟ್ಟಿ ಇದ್ದರೆ ಪೆದಮೆಂತೀನಾದ ನಾನೂರಕ್ಕೂ ಜಾಸ್ತಿ ಮೆಟ್ಟಿಲು ಇಳಿದು ಬನ್ನಿ. ಹತ್ತಲು ಹೋಗಬೇಡಿ. ರೋಮಿನಿಂದ ವೇಗದ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಏರ್‌ಪೋರ್ಟ್ ಕೂಡ ಊರಿಗೆ ಹತ್ತಿರ.

ಎರಡು ದಿನದಲ್ಲಿ ನೇಪಲ್ಸ್, ಪೊಂಪೆ, ಕಾಪ್ರಿ ದ್ವೀಪ ಮೂರನ್ನೂ ಮುಗಿಸುವ ಯೋಜನೆ ಹಾಕಿಕೊಂಡು ಬರುವವರಿದ್ದಾರೆ. ಪೊಂಪೆಯೇ ಸುಮಾರು 66 ಹೆಕ್ಟೇರ್, ಬಹುಪಾಲು ನೆರಳಿಲ್ಲ. ಅದಕ್ಕೆ ಹೋಗುವುದಾದರೆ ಮೂರು ರಾತ್ರಿ ಇಟ್ಟುಕೊಳ್ಳಿ.

ಬಾರಿ: ಬಿಸಿಲು, ಸಮತಟ್ಟು, ಅಗ್ಗ

ಬಾರಿ ನಗರ ಇಟಲಿಯ ಹಿಮ್ಮಡಿಯ ಮೇಲ್ಭಾಗದಲ್ಲಿದೆ. ಏರ್‌ಪೋರ್ಟಿನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ ಊರ ನಡುವೆ ಇಳಿಯಬಹುದು. ಎಲ್ಲ ಸಮತಟ್ಟು. ವಯಸ್ಸಾದವರಿಗೆ ಇದರಷ್ಟು ಸಲೀಸು ಬೇರೆ ಯಾವುದೂ ಇಲ್ಲ. ಸಮುದ್ರದ ಪಕ್ಕದ ಅಗಲವಾದ ದಾರಿ ಹಳೇ ಊರಿನಿಂದ ಮರಳಿನ ಬೀಚ್ ತನಕ ಹೋಗುತ್ತದೆ. ಬೀಚಿನ ಹೆಸರು ಪಾನೆ ಎ ಪೊಮೊದೊರೊ, ಅಂದರೆ ಬ್ರೆಡ್ ಮತ್ತು ಟೊಮ್ಯಾಟೊ.

ಹಳೇ ಊರಿನ ಆರ್ಕೊ ಬಾಸ್ಸೊ ಬೀದಿಯಲ್ಲಿ ಅಜ್ಜಿಯರು ಮನೆ ಬಾಗಿಲಲ್ಲೇ ಮೇಜು ಹಾಕಿ ಒರೆಕಿಯೆಟ್ಟೆ ಪಾಸ್ತಾ ಮಾಡುತ್ತಾರೆ. ಹಿಟ್ಟಿನ ಹಗ್ಗದಿಂದ ಉಗುರಿನಷ್ಟು ತುಂಡು ಕತ್ತರಿಸಿ, ಮೊಂಡು ಚಾಕುವಿನಲ್ಲಿ ಹಲಗೆ ಮೇಲೆ ಎಳೆದು, ಹೆಬ್ಬೆರಳಿಗೆ ಟೋಪಿ ಹಾಕಿದಂತೆ ಮಗುಚಿ ಬಿಸಾಡುತ್ತಾರೆ. ಮಾತಾಡುತ್ತಲೇ ಇರುತ್ತಾರೆ, ಕೈ ನಿಲ್ಲುವುದಿಲ್ಲ. ಸಸ್ಯಾಹಾರಿಗಳು ಕೇಳಬೇಕಾದದ್ದು ಫಾವೆ ಎ ಚಿಕೋರಿಯಾ: ಒಣ ಅವರೆಯಂಥ ಫಾವಾ ಕಾಳನ್ನು ನುಣ್ಣಗೆ ಬೇಯಿಸಿ, ಮೇಲೆ ಕಹಿ ಸೊಪ್ಪು, ಆಲಿವ್ ಎಣ್ಣೆ. ಸೊಪ್ಪು ಹಾಕಿದ ಒರೆಕಿಯೆಟ್ಟೆ ಮಾತ್ರ ಕೇಳಿ ತಗೊಳ್ಳಿ, ಅದರಲ್ಲಿ ಅಂಚೋವಿ ಮೀನು ಕರಗಿಸಿ ಹಾಕುವ ಪದ್ಧತಿ ಇದೆ. ಟೊಮ್ಯಾಟೊ ಅದುಮಿದ ದಪ್ಪ ಫೊಕಾಚಾ ಬೇಕರಿಯಿಂದ ತಂದು ಸಮುದ್ರದ ಕಟ್ಟೆ ಮೇಲೆ ಕೂತು ತಿಂದರೆ ಒಂದು ಹೊತ್ತಿನ ಊಟ ಆಯಿತು.

ಸಂತ ನಿಕೋಲಸನ ಅಸ್ಥಿಗಳನ್ನು 1087ರಲ್ಲಿ ಈ ಊರಿನ ನಾವಿಕರು ಈಗಿನ ಟರ್ಕಿಯ ಮೈರಾದಿಂದ ತಂದರು. ಸಾಂತಾ ಕ್ಲಾಸ್ ಕತೆಯ ಮೂಲಪುರುಷ ಅವನೇ. ಅವನ ಬಸಿಲಿಕಾದ ನೆಲಮಾಳಿಗೆಯಲ್ಲಿ ಕ್ಯಾಥೊಲಿಕರ ಜೊತೆ ಆರ್ಥೊಡಾಕ್ಸ್ ಯಾತ್ರಿಕರೂ ಪ್ರಾರ್ಥನೆ ಮಾಡುತ್ತಾರೆ.

ನೋಡುವುದು ಒಂದೇ ದಿನದಲ್ಲಿ ಮುಗಿಯುತ್ತದೆ. ಇದು ಕೊರತೆಯೋ ಗುಣವೋ ನೀವೇ ಹೇಳಬೇಕು. ಎರಡನೇ ದಿನ ಪೊಲಿನ್ಯಾನೊ ಆ ಮಾರೆಗೆ ರೈಲಿನಲ್ಲಿ ಅರ್ಧ ಗಂಟೆ. ಬಂಡೆ ಮೇಲಿನ ಊರು, ಕೆಳಗೆ ಎರಡು ಗೋಡೆಗಳ ನಡುವಿನ ಪುಟ್ಟ ತೀರ. ಜುಲೈ, ಆಗಸ್ಟಿನಲ್ಲಿ ಮಾತ್ರ ಬೇಡ, ಬಿಸಿಲಿಗೆ ತಲೆ ಸುಡುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಇಲ್ಲಿ ಇನ್ನೂ ಬೆಚ್ಚಗೆ. ಜೆನೋವಾದಲ್ಲಿ ಮಳೆ ಹೊಯ್ಯುವ ಹೊತ್ತಿಗೆ ಇಲ್ಲಿ ಅಂಗಿಯಲ್ಲೇ ಓಡಾಡಬಹುದು.

ಹಾಗಾದರೆ ಯಾವುದು?

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಬಾರಿ ಅಥವಾ ಟ್ರಿಯೆಸ್ಟೆ. ಅವರು ಊಟದಲ್ಲಿ ಕಟ್ಟುನಿಟ್ಟಾಗಿದ್ದರೆ ಬಾರಿಯೇ. ಚಿಕ್ಕ ಮಕ್ಕಳಿದ್ದರೆ ಜೆನೋವಾ: ಅಕ್ವೇರಿಯಂ, ಲಿಫ್ಟು, ಹಗ್ಗದ ರೈಲು, ಮಕ್ಕಳಿಗೆ ಬೇರೇನು ಬೇಕು? ಓದುವ ಹುಚ್ಚು ಇರುವವರು, ಕೆಲಸದಿಂದ ಸುಸ್ತಾದವರು, ಗಂಡ-ಹೆಂಡತಿ ಇಬ್ಬರೇ ಇದ್ದು ಮಾತಾಡುತ್ತ ಕೂರಬೇಕು ಅನ್ನುವವರು ಟ್ರಿಯೆಸ್ಟೆಗೆ ಹೋಗಿ, ಬೋರಾ ಇಲ್ಲದ ತಿಂಗಳು ನೋಡಿಕೊಳ್ಳಿ. ಗೆಳೆಯರ ಗುಂಪು, ಕೈಯಲ್ಲಿ ದುಡ್ಡು ಕಡಿಮೆ, ನಿದ್ದೆ ಬೇಡ ಅಂದರೆ ನೇಪಲ್ಸ್. ಡಿಸೆಂಬರಿನಲ್ಲೇ ರಜೆ ಸಿಗುವುದು ಅಂದರೂ ನೇಪಲ್ಸೇ ನೋಡಿ. ಕ್ರಿಸ್‌ಮಸ್ ಗೊಂಬೆಗಳ ಸಾನ್ ಗ್ರೆಗೊರಿಯೊ ಅರ್ಮೇನೊ ಬೀದಿ ಆಗ ಕಿಕ್ಕಿರಿದಿರುತ್ತದೆ. ಬೀಚಿನಲ್ಲಿ ಬಿದ್ದುಕೊಳ್ಳುವುದೇ ಮುಖ್ಯ ಅನ್ನುವವರಿಗೆ ಈ ನಾಲ್ಕರಲ್ಲಿ ಬಾರಿ ಮಾತ್ರ ತಕ್ಕಮಟ್ಟಿಗೆ ಒಗ್ಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಊಟಕ್ಕೆ ಬಾರಿ, ನೇಪಲ್ಸ್ ಅಗ್ಗ. ಜೆನೋವಾದಲ್ಲಿ ಬೇಕರಿಯನ್ನೇ ನಂಬಿಕೊಂಡರೆ ಅಷ್ಟರಲ್ಲೇ ಮುಗಿಯುತ್ತದೆ. ಟ್ರಿಯೆಸ್ಟೆಯ ಚೌಕದಲ್ಲಿ ಕೂತು ಕಾಫಿ ಕುಡಿದರೆ ಬಿಲ್ಲು ಕೌಂಟರಿನಲ್ಲಿ ನಿಂತು ಕುಡಿದದ್ದಕ್ಕಿಂತ ಎಷ್ಟೋ ಜಾಸ್ತಿ. ಆ ಊರಲ್ಲಿ ಕೂರುವುದಕ್ಕೇ ಹೋಗಿರುವುದರಿಂದ ಅದನ್ನು ಟಿಕೆಟ್ ಅಂತ ಅಂದುಕೊಳ್ಳಿ. ಎಲ್ಲ ಕಡೆ ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಯೂರೋ ಸೇರಿರುತ್ತದೆ. ಮೋಸ ಅಲ್ಲ, ಮೇಜಿನ ಬಾಡಿಗೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ನೇಪಲ್ಸಿನ ಮ್ಯೂಸಿಯಂ, ಮಿರಾಮಾರೆ ಕೋಟೆ ಎರಡೂ ಇದರಲ್ಲಿ ಬರುತ್ತವೆ. ಸಾಲು ಮಾತ್ರ ಉದ್ದ.

ಚೀಸ್ ತಿನ್ನುವ ಸಸ್ಯಾಹಾರಿಗಳಿಗೆ ಒಂದು ಮಾತು. ಪಾರ್ಮಿಜಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಪೆಸ್ಟೊದಲ್ಲೂ ಅದು ಇರುತ್ತದೆ. ನಡೆಯುವುದಿಲ್ಲ ಅಂದರೆ 'ಸೆನ್ಸಾ ಫೊರ್ಮಾಜೊ' ಅನ್ನಿ. ಕೆಲವು ಬೇಕರಿ ತಿಂಡಿಗಳಲ್ಲಿ ಹಂದಿ ಕೊಬ್ಬು ಇರುವುದುಂಟು. 'ಸ್ತ್ರುತ್ತೊ' ಇದೆಯಾ ಅಂತ ಕೇಳಿ.

ಟಿಕೆಟ್ ಬುಕ್ ಮಾಡುವ ಮೊದಲು ಆ ಶುಕ್ರವಾರ 'ಷೋಪೆರೊ' ಇದೆಯಾ ನೋಡಿಕೊಳ್ಳಿ. ಅಂದರೆ ರೈಲು ಮುಷ್ಕರ. ಇಟಲಿಯಲ್ಲಿ ಇದು ಮೊದಲೇ ಪ್ರಕಟವಾಗುತ್ತದೆ, ಶುಕ್ರವಾರಗಳಲ್ಲಿ ಬೀಳುವುದೂ ಹೆಚ್ಚು. ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಮುಖ್ಯ ಲೋಕಲ್ ರೈಲುಗಳು ಮುಷ್ಕರದಲ್ಲೂ ಓಡುತ್ತವೆ. ಶನಿವಾರ, ಭಾನುವಾರ ಆ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.